ಸಂಚಕಾರ ಕೊಟ್ಟಾದ ಮೇಲೆ...

ಹೋದ ತಿಂಗಳು ಹದಿನೈದು ದಿನ ನನಗೆ ಸರಿಯಾಗಿ ನಿದ್ದೆ ಇಲ್ಲ. ರಿಲೀಸ್ ಟೆನ್ಷನ್ ಅಲ್ಲ, ಮನೆ ಟೆನ್ಷನ್. ಬೆಂಗಳೂರಲ್ಲಿ ಒಂದು ಹಳೇ ಮನೆ ನೋಡಿ, ಒಪ್ಪಿ, ಅಗ್ರಿಮೆಂಟ್ ಮಾಡಿಸಿ, ಎರಡು ಲಕ್ಷ ಅಡ್ವಾನ್ಸ್ ಕೊಟ್ಟಾಗಿತ್ತು. ರಿಜಿಸ್ಟ್ರೇಷನ್‌ಗೆ ಎಂಟೇ ದಿನ ಇದೆ ಅನ್ನುವಾಗ ವಕೀಲರ ಫೋನು. "ಇದು ಪಿತ್ರಾರ್ಜಿತ ಆಸ್ತಿ. 2011ರ ವಿಭಾಗ ಪತ್ರದಲ್ಲಿ ಮಾರುವವರ ತಂಗಿಯ ಸಹಿ ಇಲ್ಲ. ಆಕೆಗೂ ಪಾಲಿದೆ." ಮಾರುವವರನ್ನು ಕೇಳಿದರೆ "ಅವಳೇನೂ ತಕರಾರು ಮಾಡಲ್ಲ ಬಿಡಿ ಸಾರ್" ಅಂದರು. ಸಹಿ ಮಾತ್ರ ಮಾಡಿಸಲಿಲ್ಲ.

ಇಷ್ಟು ದೂರ ಬಂದು ಹಿಂದೆ ಸರಿಯೋದಾ? ಅಮ್ಮ, "ಮಾತು ಕೊಟ್ಟಾಗಿದೆಯಲ್ಲೋ" ಅಂದಳು. ಅಪ್ಪ, "ನಿನ್ನ ಎರಡು ಲಕ್ಷಕ್ಕೆ ಸಂಚಕಾರ ಬಂತು" ಅಂದುಬಿಟ್ಟರು. ಆ ಪದ ತಲೆಯಲ್ಲೇ ಕೂತುಬಿಟ್ಟಿತು.

ಸಂಚಕಾರ ಅಂದರೆ ನಾವೀಗ ಅಪಾಯ ಅಂತಲೇ ತಿಳೀತೀವಿ. ಆದರೆ ಅದರ ಇನ್ನೊಂದು ಅರ್ಥ ಮುಂಗಡ ಹಣ! ಸಂಸ್ಕೃತದ 'ಸತ್ಯಂಕಾರ'ದ ತದ್ಭವ ಇದು. ಆಡಿದ ಮಾತನ್ನು ಸತ್ಯ ಮಾಡುವುದಕ್ಕೆ ಕೊಡುವ ಒತ್ತೆ. ಮುಂಗಡ ಹೇಗೆ ಅಪಾಯವಾಯಿತೋ ಗೊತ್ತಿಲ್ಲ, ನನ್ನ ಹಾಗೆ ಕೈಸುಟ್ಟುಕೊಂಡವರು ಹಿಂದೆಯೂ ಇದ್ದಿರಬೇಕು :-)

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ಸತ್ಯಂಕಾರದ ಬಗ್ಗೆ ಒಂದು ನಿಯಮ ಇದೆ. ಅದನ್ನು ಬಿಡಿಸಿ ಹೇಳಿದವನು ನಮ್ಮವನೇ, 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ ಇದ್ದವನು. ಅವನು ಕೊಡುವ ಉದಾಹರಣೆ ಉಂಗುರದ್ದು. ವ್ಯಾಪಾರ ನಿಲ್ಲಲಿ ಅಂತ ಒಬ್ಬ ಇನ್ನೊಬ್ಬನ ಕೈಯಲ್ಲಿ ಉಂಗುರ ಇಡುತ್ತಾನೆ. ಕೊಟ್ಟವನೇ ಮಾತು ಮುರಿದರೆ ಉಂಗುರ ಹೋಯಿತು. ಪಡೆದವನು ಮುರಿದರೆ ಅದರ ಎರಡರಷ್ಟು ವಾಪಸ್ ಕೊಡಬೇಕು. ಅಷ್ಟೇ. ಇಫ್-ಎಲ್ಸ್ ಬರೆದಷ್ಟು ನೀಟಾಗಿದೆ!

ಆಶ್ಚರ್ಯ ಏನು ಗೊತ್ತಾ? ಇದಕ್ಕೆ ಐದು ಶತಮಾನ ಮೊದಲೇ, 533ರಲ್ಲಿ, ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ 'ಇನ್‌ಸ್ಟಿಟ್ಯೂಟ್ಸ್' ಗ್ರಂಥದಲ್ಲೂ ಇದೇ ಲೆಕ್ಕ ಇದೆ. ಕೊಳ್ಳುವವನು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವನು ಸರಿದರೆ ದುಪ್ಪಟ್ಟು. 1804ರ ಫ್ರೆಂಚ್ ಸಿವಿಲ್ ಕೋಡ್‌ನ 1590ನೇ ವಿಧಿಯೂ ಇದನ್ನೇ ಹೇಳುತ್ತದೆ. ಅಂದರೆ ಹಳಬರಿಗೆ ಮುಂಗಡ ಬರೀ ಬೇಡಿ ಆಗಿರಲಿಲ್ಲ. ಹಿಂದೆ ಸರಿಯಲು ಎಷ್ಟು ತೆರಬೇಕು ಅಂತ ಮೊದಲೇ ಗೊತ್ತಿರುತ್ತಿತ್ತು, ಆ ಬೆಲೆ ಇಬ್ಬರಿಗೂ ಇತ್ತು.

ನಮ್ಮ ಇವತ್ತಿನ ಪದ್ಧತಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1884ರ 'ಹೋವ್ ವರ್ಸಸ್ ಸ್ಮಿತ್' ಕೇಸಿನಲ್ಲಿ 12,500 ಪೌಂಡಿನ ಆಸ್ತಿಗೆ 500 ಪೌಂಡ್ ಮುಂಗಡ ಕೊಟ್ಟವನು ಸಮಯಕ್ಕೆ ವ್ಯಾಪಾರ ಮುಗಿಸಲಿಲ್ಲ. ಆ 500 ಹೋಯಿತು. ಮಾರುವವನು ದುಪ್ಪಟ್ಟು ಕೊಡಬೇಕು ಅನ್ನುವ ಇನ್ನರ್ಧ ಮಾತ್ರ ಇಂಗ್ಲಿಷ್ ಕಾನೂನಿನಲ್ಲಿ ಇಲ್ಲ.

ಹಾಗಂತ ಮಾರುವವರು ಸಿಕ್ಕಿದ್ದನ್ನೆಲ್ಲ ನುಂಗುವ ಹಾಗೂ ಇಲ್ಲ. ದೆಹಲಿಯ ಅಲಿಪುರ ರಸ್ತೆಯ ಒಂದು ಬಂಗಲೆಗೆ 1949ರಲ್ಲಿ 1,12,500 ರೂಪಾಯಿಗೆ ಕರಾರಾಯಿತು. ಸಂಚಕಾರ 1,000, ಆಮೇಲೆ 24,000 ಕೊಟ್ಟು ಕೊಳ್ಳುವವರು ಮನೆಯ ಸ್ವಾಧೀನವನ್ನೂ ಪಡೆದರು. ಕ್ರಯಪತ್ರ ಮಾತ್ರ ಆಗಲೇ ಇಲ್ಲ. ಕರಾರಿನ ಪ್ರಕಾರ ಪೂರ್ತಿ 25,000 ನನ್ನದು ಅಂದರು ಮಾರುವವರು. 1963ರಲ್ಲಿ ಸುಪ್ರೀಂ ಕೋರ್ಟ್ 'ಫತೇಚಂದ್' ತೀರ್ಪಿನಲ್ಲಿ, ಸಂಚಕಾರದ 1,000 ಇಟ್ಟುಕೊಳ್ಳಿ, ಉಳಿದ 24,000ವನ್ನು ಕರಾರಿನಲ್ಲಿ ಬರೆದಿದೆ ಅಂದಮಾತ್ರಕ್ಕೆ ಮುಟ್ಟುಗೋಲು ಹಾಕಿಕೊಳ್ಳುವ ಹಾಗಿಲ್ಲ ಅಂದಿತು. 1872ರ ಕರಾರು ಕಾಯಿದೆಯ 74ನೇ ಕಲಂ ಪ್ರಕಾರ ನ್ಯಾಯವಾದ ಪರಿಹಾರ ಮಾತ್ರ.

ನನಗೆ ಬೇಕಿದ್ದ ಉತ್ತರ 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನಲ್ಲಿತ್ತು. ಹಕ್ಕಿನಲ್ಲಿ ದೋಷ ಇದ್ದು ಅದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಗೊತ್ತಿರುವ ಮಾರುವವನು ಹೇಳಲೇಬೇಕು. ಕೊಳ್ಳುವವನು ಸರಿಯಾದ ಕಾರಣಕ್ಕೆ ಬೇಡ ಅಂದರೆ, ಅವನ ಸಂಚಕಾರದ ಹಣಕ್ಕೆ ಆ ಆಸ್ತಿಯೇ ಹೊಣೆ. ಅಂದರೆ ಮಾತು ಮುರಿದವನು ನಾನಲ್ಲ!

ಇದರಲ್ಲೊಂದು ತಮಾಷೆ ಇದೆ. ಹುಟ್ಟಿನಿಂದಲೇ ಬರುವ ಪಿತ್ರಾರ್ಜಿತದ ಹಕ್ಕು ಗಂಡುಮಕ್ಕಳಿಗೆ ಮಾತ್ರ ಅನ್ನುವ ಪದ್ಧತಿಗೂ ಆಧಾರ ಅದೇ ಮಿತಾಕ್ಷರ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ದೇಶಕ್ಕೆಲ್ಲ ಅದನ್ನು ಬದಲಾಯಿಸಿತು. ನಾನು ಕಾಯುತ್ತಿದ್ದ ಆ ತಂಗಿಯ ಸಹಿಗೆ ಬೆಲೆ ಬಂದದ್ದು ಹಾಗೆ. ವಿಜ್ಞಾನೇಶ್ವರ ಒಂದು ಕೈಯಲ್ಲಿ ನನಗೆ ಧೈರ್ಯ ಕೊಟ್ಟ, ಇನ್ನೊಂದು ಕೈಯಲ್ಲಿ ಆಕೆಯನ್ನು ಹೊರಗಿಟ್ಟಿದ್ದ.

ವಕೀಲರ ಮೂಲಕ ಪತ್ರ ಬರೆಸಿದೆ. ಹತ್ತು ದಿನದೊಳಗೆ ತಂಗಿಯವರು ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವಾದರೆ ನಾನು ಕೊಳ್ಳುವುದಿಲ್ಲ. ಹತ್ತು ದಿನ ಕಳೆಯಿತು, ಸಹಿ ಬರಲಿಲ್ಲ. ಬಿಟ್ಟೆ. ಅಡ್ವಾನ್ಸ್‌ನಲ್ಲಿ ಒಂದು ಲಕ್ಷ ವಾಪಸ್ ಬಂದಿದೆ, ಇನ್ನೊಂದಕ್ಕೆ ಫೋನ್ ಮಾಡುತ್ತಲೇ ಇದ್ದೇನೆ.

ಅಮ್ಮನಿಗೆ ಈಗಲೂ ಬೇಜಾರಿದೆ. ನನಗೂ ಇದೆ, ಆ ಮನೆಯ ಹಿತ್ತಲಲ್ಲೊಂದು ನುಗ್ಗೆ ಮರ ಇತ್ತು. ಆದರೆ ನೋಡೇ ಇಲ್ಲದ ಆ ಹೆಣ್ಣುಮಗಳ ಪಾಲಿನ ಮೇಲೆ ಕೂತು ಗೃಹಪ್ರವೇಶದ ಊಟ ಮಾಡೋದು ನನ್ನಿಂದ ಆಗುತ್ತಿರಲಿಲ್ಲ.

ನೀವಾಗಿದ್ದರೆ ಏನು ಮಾಡ್ತಿದ್ರಿ?