ಅಡ್ಡಹೆಸರು ಕರ್ನಾಟಕಿ

ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ಪಟ್ಟೆದಂಚಿನ ಸೀರೆ ನೇಯುತ್ತ ಅಪ್ಪ ಹಾಡು ಗುನುಗುತ್ತಿದ್ದ. ನಾನು ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದೆ. ಹಾಡು ಹಿಂದಿಯದು, ಅಪ್ಪನಿಗೆ ಹಿಂದಿ ಬರುತ್ತಿರಲಿಲ್ಲ.

“ಯಾರ ಹಾಡಪ್ಪಾ ಇದು?”

“ನಮ್ಮ ಅಮೀರಬಾಯೀದು.”

ಆಕೆ ನಮ್ಮ ಓಣಿಯವಳೇ ಇರಬೇಕೆಂದು ಬಹಳ ದಿನ ತಿಳಿದಿದ್ದೆ.

ಓಣಿಯವಳಲ್ಲ, ಬೀಳಗಿಯವಳು. ಹೆತ್ತವರು ನಾಟಕದ ಮಂದಿ. ಒಡಹುಟ್ಟಿದ ಗೋಹರಬಾಯಿ ಮುಂದೆ ಮರಾಠಿಯ ಬಾಲಗಂಧರ್ವರ ಕಂಪನಿ ಸೇರಿದಳು. ಅಮೀರಬಾಯಿ ಸಿನೆಮಾ ಹಿಡಿದಳು. ಬೀಳಗಿಯ ಹುಡುಗಿ ಬೆಂಗಳೂರು ಬಿಟ್ಟು ಮುಂಬೈಗೆ ಯಾಕೆ ಹೋದಳೆಂದು ಈಗಿನವರು ಕೇಳುತ್ತಾರೆ. ಆಗ ರೋಣ, ನರಗುಂದ, ಗಜೇಂದ್ರಗಡ, ಬೀಳಗಿ ಎಲ್ಲವೂ ಮುಂಬೈ ಪ್ರಾಂತದೊಳಗಿನ ಊರುಗಳು. ನಮಗೆ ಬೆಂಗಳೂರು ಬೇರೆ ರಾಜರ ಸೀಮೆ. ಗದಗದಿಂದ ಮಲ್ಲಾಪುರ, ಹೊಳೆಆಲೂರು, ಬಾದಾಮಿ ಮೇಲೆ ಹಾಯ್ದು ಹೊಟಗಿ ಮುಟ್ಟುವ ಮೀಟರ್ ಗೇಜ್ ಹಳಿ ಉತ್ತರಕ್ಕೇ ಮುಖ ಮಾಡಿತ್ತು. ರೋಣದ ಜೋಶಿಯವರ ಮನೆಯ ಭೀಮಸೇನ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಲು ಮನೆಬಿಟ್ಟು ಓಡಿದ್ದೂ ಇದೇ ಹಳಿಯ ಮೇಲೆ. ಆತನನ್ನು ರೋಣದವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಅಮೀರಬಾಯಿಯ ಹೆಸರು ಎತ್ತಿದರೆ ಮಾತ್ರ ಹಣೆ ಗಂಟಿಕ್ಕಿ ಯೋಚಿಸುತ್ತಾರೆ.

ಆ ಕಾಲದ ಹಾಡುಗಾರ್ತಿಯರಿಗೆ ಊರೇ ಅಡ್ಡಹೆಸರು: ಗಂಗೂಬಾಯಿ ಹಾನಗಲ್, ಹೀರಾಬಾಯಿ ಬಡೋದೇಕರ್. ಬೀಳಗಿಯ ಅಕ್ಕತಂಗಿಯರು ಊರಿನ ಬದಲು ನಾಡನ್ನೇ ಹಚ್ಚಿಕೊಂಡು ‘ಕರ್ನಾಟಕಿ’ಯರಾದರು. ಕರ್ನಾಟಕ ಎಂಬ ರಾಜ್ಯ ಆಗ ಯಾವ ನಕಾಶೆಯಲ್ಲೂ ಇರಲಿಲ್ಲ.

1934ರ ‘ವಿಷ್ಣುಭಕ್ತಿ’ ಆಕೆಯ ಮೊದಲ ಚಿತ್ರ. ಅಭಿನಯಿಸುವವರೇ ಹಾಡಬೇಕಾದ ದಿನಗಳವು. ಆದರೆ ಮರುವರ್ಷವೇ ಹಿಂದಿಗೆ ಹಿನ್ನೆಲೆ ಗಾಯನ ಬಂತು. ಪರದೆಯ ಮೇಲೆ ಒಬ್ಬರ ಮುಖ, ಹಿಂದೆ ಇನ್ನೊಬ್ಬರ ಕಂಠ. ಅಮೀರಬಾಯಿಯ ಏಳುಬೀಳಿನ ಕೀಲು ಇದರಲ್ಲೇ ಇದೆ. ನಟಿಯಾಗಿ ಆಕೆ ಮೇಲೇಳಲಿಲ್ಲ, ಕಂಠ ಎದ್ದಿತು. 1943ರಲ್ಲಿ ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸರ ಸಂಗೀತ. ಕೋಲ್ಕತ್ತಾದ ರಾಕ್ಸಿ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಅಪ್ಪ ಅದನ್ನು ನೋಡಲು ಗದಗಕ್ಕೆ ಹೋಗಿದ್ದನಂತೆ. ಪರದೆಯ ಮೇಲೆ ತುಟಿ ಆಡಿಸಿದ್ದು ಮುಮ್ತಾಜ್ ಶಾಂತಿ, ಕಂಠ ಅಮೀರಬಾಯಿಯದು. ಕಣ್ಣು ಮುಚ್ಚಿ ಕೂತೇ ಅರ್ಧ ಸಿನೆಮಾ ಕೇಳಿದೆ ಅನ್ನುತ್ತಿದ್ದ. ಮರುವರ್ಷ ನೌಷಾದರ ‘ರತನ್’. ಅಲ್ಲೂ ಆಕೆಯ ಹಾಡು ಮನೆಮಾತಾಯಿತು.

ಅತ್ತ ಹೆಸರು ಏರುತ್ತಿದ್ದರೆ ಇತ್ತ ಮನೆಯೊಳಗೆ ನರಕ. ಗಂಡ ಹಿಮಾಲಯವಾಲಾ ಖಳನ ಪಾತ್ರಗಳ ನಟ. ಆತನ ಹೊಡೆತ ತಿಂದು, ವಕೀಲರ ನೆರವಿನಿಂದ ಬಿಡಿಸಿಕೊಂಡು ಹೊರಬಂದಳು. ರಹಮತ್ ತರೀಕೆರೆಯವರು ಆಕೆಯ ಮೇಲೊಂದು ಪುಸ್ತಕವನ್ನೇ ಬರೆದಿದ್ದಾರೆ. ಆ ಸಂಕಟವನ್ನು ನಾನಿಲ್ಲಿ ಕೆದಕುವುದಿಲ್ಲ.

1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ಕೊಟ್ಟಳು. ಹೆಣ್ಣುಮಗಳೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಅಪರೂಪದಲ್ಲಿ ಅಪರೂಪ. ಆದರೆ 1949ರ ‘ಮಹಲ್’ ಬಂದ ಮೇಲೆ ಎಲ್ಲರಿಗೂ ಲತಾ ಮಂಗೇಶ್ಕರರ ಸಣ್ಣ ದನಿಯೇ ಬೇಕಾಯಿತು. ನಾಟಕದ ಗಾಳಿಯಲ್ಲಿ ಬೆಳೆದ ತುಂಬುಗಂಟಲುಗಳು ಒಂದೊಂದಾಗಿ ಹಿಂದೆ ಸರಿದವು. ಕಂಠ ಬೇಡವಾದ ಮೇಲೆ ಅಮೀರಬಾಯಿ ಮತ್ತೆ ಮುಖ ಹೊತ್ತು ನಿಂತಳು, ಸಣ್ಣಪುಟ್ಟ ಪೋಷಕ ಪಾತ್ರಗಳಲ್ಲಿ.

ಅಂಥ ಒಂದು ಪಾತ್ರವನ್ನು ನಮ್ಮೂರ ಟೆಂಟಿನಲ್ಲಿ ನೋಡಿದ ನೆನಪಿದೆ. ನೆಲದ ಮೇಲೆ ಕೂತಿದ್ದೆವು. ದಪ್ಪ ಮೈಯ, ಸೆರಗು ಹೊದ್ದ ಹೆಂಗಸೊಬ್ಬಳು ಬಂದು ನಾಲ್ಕು ಮಾತಾಡಿ ಒಳಗೆ ಹೋದಳು. ಅಪ್ಪ ನನ್ನ ಮೊಣಕೈ ತಿವಿದು, “ಅಕೀನ ನೋಡು, ಇನ್ನ ಹಾಡತಾಳ” ಅಂದ. ಹಾಡಲಿಲ್ಲ. ಅಪ್ಪ ಕೊನೆಯ ರೀಲಿನ ತನಕ ಕಾದ. ಮನೆಗೆ ಬರುವಾಗ ಮಾತಾಡಲಿಲ್ಲ.

1965ರ ಮಾರ್ಚ್ 3ರಂದು ಆಕೆ ತೀರಿಕೊಂಡಳು. ಮಣ್ಣಾದದ್ದು ವಿಜಯಪುರದಲ್ಲಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಲು ಇನ್ನೂ ಎಂಟು ವರ್ಷವಿತ್ತು. ಆ ಹೆಸರಿಗಾಗಿ ವಿಧಾನಸಭೆಯಲ್ಲಿ ಗುದ್ದಾಡಿದವರು ನಮ್ಮ ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ. ಅವರು 1972ರಲ್ಲಿ ಹೋದರು; 1973ರ ನವೆಂಬರ್ 1 ಅವರಿಗೂ ದಕ್ಕಲಿಲ್ಲ.

ಆಮೇಲೆ ಒಮ್ಮೆ ಸೀರೆಯ ಗಂಟು ಹೊತ್ತು ಅಪ್ಪನ ಜೊತೆ ವಿಜಯಪುರಕ್ಕೆ ಹೋದೆ. ವ್ಯಾಪಾರಿಯ ಅಂಗಡಿಗೂ ಮೊದಲು ಅಪ್ಪ ಹುಡುಕಿಕೊಂಡು ಹೋದದ್ದು ಆಕೆಯ ಹೆಸರಿನ ಅಮೀರ್ ಟಾಕೀಜಿಗೆ. ಯಾವ ಸಿನೆಮಾ ನಡೆದಿದೆ ಎಂದು ನೋಡಲಿಲ್ಲ. ಗಂಟು ಇಳಿಸಿ ಹೆಸರು ಓದುತ್ತ ನಿಂತ.

“ಕರ್ನಾಟಕಿ ಅಂತ ಇಲ್ಲಲ್ಲಪ್ಪಾ?” ಅಂದೆ.

“ಮನ್ಯಾಗ ಯಾರರ ಅಡ್ಡಹೆಸರ ಹಚ್ಚಿ ಕರೀತಾರೇನು?” ಅಂದು ಗಂಟು ಹೆಗಲಿಗೇರಿಸಿದ.