ಹೊಲಗೆಲಸ ಮತ್ತು ಚರ್ಮದ ಒಗ್ಗದಿಕೆ: ಚಿಟಗುಪ್ಪ ಸೀಮೆಯನ್ನು ಕುರಿತು ಒಂದು ಚಾರಿತ್ರಿಕ ವಿಚಾರ

ಕಸುಬಿನಿಂದ ಬರುವ ರೋಗಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗಣಿ, ಗಿರಣಿ, ಕಾರ್ಖಾನೆಗಳನ್ನೇ ಲಕ್ಷ್ಯದಲ್ಲಿಟ್ಟುಕೊಂಡು ಬರೆದಿದ್ದಾರೆ. ಇದು ಸಹಜವೂ ಹೌದು. ಕಾರ್ಖಾನೆಗೆ ಗೋಡೆಯಿದೆ, ಹಾಜರಿ ಪುಸ್ತಕವಿದೆ, ರೋಗಿಯಾದವನು ಯಾವ ದಿನ ಕೆಲಸ ತಪ್ಪಿಸಿದನೆಂಬ ಲೆಕ್ಕವಿದೆ. ಹೊಲಕ್ಕೆ ಇವಾವುವೂ ಇಲ್ಲ. ಆದರೆ ಬೀದರ ಜಿಲ್ಲೆಯ ಚಿಟಗುಪ್ಪದಂತಹ ಊರಿನಲ್ಲಿ ನಿಂತು, ಇಲ್ಲಿ ದುಡಿಯುವವರ ಚರ್ಮಕ್ಕೆ ದುಡಿಮೆಯಿಂದಲೇ ಯಾವ ಬಾಧೆ ತಟ್ಟಿತು ಎಂದು ಕೇಳಿದರೆ, ಉತ್ತರವನ್ನು ಹುಡುಕಬೇಕಾದುದು ಹೊಲದಲ್ಲಿಯೇ. ಹುಮನಾಬಾದಿನ ಸಮೀಪದ ಈ ಊರು ನಿಜಾಮರ ಆಳಿಕೆಯಲ್ಲಿ ಪೈಗಾ ಮನೆತನದ ಜಾಗೀರಿಗೆ ಸೇರಿದ್ದಿತು. 1956ರ ನವೆಂಬರ್ 1ರಂದು ಜಿಲ್ಲೆಯ ಕನ್ನಡ ಭಾಗದೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ತೊಗರಿ, ಜೋಳ, ಹೆಸರು, ಉದ್ದು ಇಲ್ಲಿನ ಹಳೆಯ ಬೆಳೆಗಳು. ಬೆಳೆಯ ನಡುವಣ ಕಸವನ್ನು ಕುರ್ಪಿ ಹಿಡಿದು, ಬಗ್ಗಿ, ಬರಿಗೈಯಿಂದ ತೆಗೆಯುವುದು ಕೂಲಿಕಾರರ ಕೆಲಸ.

ಮೊದಲು ರೋಗದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ನಮ್ಮ ಜನರ ಮಾತಿನಲ್ಲಿ ತುರಿಸುವುದೆಲ್ಲವೂ ಕಜ್ಜಿಯೇ, ಹೆಚ್ಚೆಂದರೆ ಇಸಬು. ವೈದ್ಯಶಾಸ್ತ್ರವಾದರೋ ಇಲ್ಲಿ ಎರಡು ಬಗೆಗಳನ್ನು ಬೇರ್ಪಡಿಸುತ್ತದೆ. ಸುಣ್ಣ, ಸೌಳು, ಆಮ್ಲಗಳಂತಹ ವಸ್ತುಗಳು ಮುಟ್ಟಿದ ಯಾರ ಚರ್ಮವನ್ನಾದರೂ ಸುಡುತ್ತವೆ. ಇದು ಕೇವಲ ಉರಿತ. ಒಗ್ಗದಿಕೆ, ಎಂದರೆ ಅಲರ್ಜಿ, ಬೇರೆಯ ಜಾತಿಯದು. ವಸ್ತುವಿನ ಸಣ್ಣ ಅಣುವೊಂದು ಚರ್ಮದೊಳಕ್ಕೆ ಇಳಿದು ಅಲ್ಲಿಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ದೇಹದ ರಕ್ಷಣಾಕಣಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತವೆ. ಮೊದಲ ಸಲ ಮುಟ್ಟಿದಾಗ ಏನೂ ಕಾಣದು. ವಾರಗಳೋ ವರ್ಷಗಳೋ ಕಳೆದ ಮೇಲೆ ಮತ್ತೊಮ್ಮೆ ಮುಟ್ಟಿದಾಗ, ಒಂದೆರಡು ದಿನಗಳ ಅನಂತರ, ಚರ್ಮ ಕೆಂಪೇರಿ, ಗುಳ್ಳೆಯೆದ್ದು, ನೀರೊಸರುತ್ತದೆ. ಒಮ್ಮೆ ಹುಟ್ಟಿದ ಈ ನೆನಪು ಬಹುಕಾಲ ಅಳಿಯದು. ‘ಅಲರ್ಜಿ’ ಎಂಬ ಪದವನ್ನು ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಟಂಕಿಸಿದನು. ಅಷ್ಟರೊಳಗೇ, 1895ರಲ್ಲಿ, ಯೋಸೆಫ್ ಯಾಡಾಸೊನ್ ಎಂಬ ಚರ್ಮವೈದ್ಯನು ಶಂಕಿತ ವಸ್ತುವನ್ನು ರೋಗಿಯ ಚರ್ಮದ ಮೇಲೆ ಪಟ್ಟಿಯಾಗಿ ಅಂಟಿಸಿ ನೋಡುವ ಪರೀಕ್ಷೆಯನ್ನು ತೋರಿಸಿಕೊಟ್ಟಿದ್ದನು.

ನಮ್ಮ ನಾಡಿನಲ್ಲಿ ಇಂತಹ ವಸ್ತುಗಳ ಅರಿವು ಹೊಸದಲ್ಲ. ಕೇರುಬೀಜ, ಎಂದರೆ ಸಂಸ್ಕೃತದ ಭಲ್ಲಾತಕ, ಇದರ ಕಪ್ಪು ರಸವನ್ನು ಅಗಸರು ಬಟ್ಟೆಗೆ ಗುರುತು ಹಾಕಲು ತಲೆಮಾರುಗಳಿಂದ ಬಳಸುತ್ತ ಬಂದರು. ಆ ಗುರುತು ಎಷ್ಟು ಒಗೆದರೂ ಹೋಗದು. ಚರಕಸಂಹಿತೆಯ ರಸಾಯನ ಪ್ರಕರಣದಲ್ಲಿ ಭಲ್ಲಾತಕದ ಯೋಗಗಳಿವೆ. ಅದನ್ನು ಎಚ್ಚರಿಕೆಯಿಂದ ಮುಟ್ಟಬೇಕೆಂಬುದನ್ನು ಹಳ್ಳಿಯ ವೈದ್ಯರೂ ಬಲ್ಲರು. ಮಡಿವಾಳ ಮಾಚಯ್ಯನನ್ನು ನೆನೆಯುವ ಕಲ್ಯಾಣದ ಸೀಮೆಯಲ್ಲಿ ಅಗಸನ ಕಸುಬಿಗೆ ಗೌರವದ ಸ್ಥಾನವಿದೆ, ನಿಜ. ಆದರೆ ಅಗಸನ ಕೈಗೆ ಆ ರಸ ಏನು ಮಾಡಿತೆಂಬುದನ್ನು ಯಾರೂ ಬರೆದಿಡಲಿಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಕೇರುಬೀಜವು ‘ಧೋಬಿ ಗುರುತಿನ ಚರ್ಮರೋಗ’ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು 1943ರಲ್ಲಿ. ಎರಡನೆಯ ಮಹಾಯುದ್ಧಕ್ಕಾಗಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ, ಅಂಗಿಯ ಕೊರಳಪಟ್ಟಿಯ ಗುರುತು ತಾಗಿದ ಕಡೆ ಗುಳ್ಳೆಗಳೆದ್ದಾಗ. ಲಿವಿಂಗುಡ್ ಮತ್ತು ಅವನ ಸಂಗಡಿಗರು ಅದನ್ನು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ವರದಿ ಮಾಡಿದರು. ರೋಗದ ಹೆಸರಿನಲ್ಲಿ ಧೋಬಿಯಿದ್ದಾನೆ. ರೋಗಿಯಾಗಿ ಮಾತ್ರ ಅವನಿಲ್ಲ. ಚರಿತ್ರೆಯ ವಿದ್ಯಾರ್ಥಿಗಳು ಈ ಅಂಶವನ್ನು ಗಮನಿಸಬೇಕು. ದಾಖಲೆ ಹುಟ್ಟುವುದು ರೋಗ ಇದ್ದಲ್ಲಿ ಅಲ್ಲ, ರೋಗಿಯನ್ನು ಲೆಕ್ಕಕ್ಕೆ ಹಿಡಿಯುವವರು ಇದ್ದಲ್ಲಿ.

ಇನ್ನು ಹೊಲದ ಮಾತು. ಚಿಟಗುಪ್ಪದ ಬದುಗಳಲ್ಲಿ, ರಸ್ತೆಯ ಅಂಚುಗಳಲ್ಲಿ, ಬೀಳುಬಿದ್ದ ಭೂಮಿಯಲ್ಲಿ ಸಣ್ಣ ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡವನ್ನು ಕಾಣದವರಿಲ್ಲ. ಶಾಸ್ತ್ರೀಯ ನಾಮ ಪಾರ್ಥೇನಿಯಮ್ ಹಿಸ್ಟೆರೊಫೋರಸ್. ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಪುಣೆಯಲ್ಲಿ 1955ರಲ್ಲಿ ಕಂಡ ಈ ಗಿಡವನ್ನು ಆರ್. ಎಸ್. ರಾವ್ ಎಂಬ ಸಸ್ಯಶಾಸ್ತ್ರಜ್ಞರು ಮರುವರ್ಷ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ವರದಿ ಮಾಡಿದರು. ಪಿ. ಎಲ್. 480 ಎಂಬ ಯೋಜನೆಯ ಗೋದಿಯೊಡನೆ ಇದು ಬಂದಿತೆಂಬುದು ಪ್ರಚಲಿತ ಕಥೆ. ಆದರೆ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ; ಪುಣೆಯಲ್ಲಿ ಗಿಡ ಕಂಡ ಮೇಲೆ. ಅಮೆರಿಕದ ಧಾನ್ಯವೇ ಕಾರಣವಾಗಿದ್ದರೆ 1951ರ ಕ್ಷಾಮಕಾಲದ ಸಾಲದ ಧಾನ್ಯವನ್ನು ಶಂಕಿಸುವುದು ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ. ಹೆಸರಿನ ವಿಷಯದಲ್ಲಿಯೂ ಇಂತಹದೇ ಗೊಂದಲ: ಆಗಿನ ಸರ್ಕಾರದ ಪಕ್ಷದಿಂದ ಬಂದ ಹೆಸರೆಂದು ಕೆಲವರು, ಹೂವು ಗಾಂಧಿ ಟೋಪಿಯಂತೆ ಬೆಳ್ಳಗಿದೆಯೆಂದು ಮತ್ತೆ ಕೆಲವರು.

ಈ ಗಿಡದ ಸೂಕ್ಷ್ಮ ರೋಮಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಕೀಳುವಾಗ ಅದು ಕೈಗೆ ಹತ್ತುತ್ತದೆ. ಗಿಡ ಒಣಗಿ ಪುಡಿಯಾದಾಗ ಗಾಳಿಯಲ್ಲಿ ಹಾರಿ ಮುಖ, ಕಣ್ಣಿನ ರೆಪ್ಪೆ, ಕತ್ತು, ಮೊಳಕೈಯ ಮಡಿಕೆಗಳಲ್ಲಿ ಕೂರುತ್ತದೆ. ಆದಕಾರಣ ಇದನ್ನು ಬಿಸಿಲಿನ ರೋಗವೆಂದು ತಪ್ಪಾಗಿ ತಿಳಿಯುವುದುಂಟು. ಪುಣೆಯ ಲೋಂಕರ್ ಮತ್ತು ಜೋಗ್ ಎಂಬ ವೈದ್ಯರು 1968ರಲ್ಲಿ ಇದರಿಂದಾದ ಚರ್ಮರೋಗವನ್ನು ಬರೆದರು. 1977ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಹೋದ್ಯೋಗಿಗಳು ಈ ಗಿಡದ ನಡುವೆ ಇದ್ದವರನ್ನು ಪರೀಕ್ಷಿಸಿ ಪ್ರಕಟಿಸಿದರು. ಸೇವಂತಿಗೆ, ಸೂರ್ಯಕಾಂತಿ, ನಮ್ಮ ಹಳೆಯ ಕುಸುಬೆ, ಇವೆಲ್ಲವೂ ಇದೇ ಕುಟುಂಬದ ಸಸ್ಯಗಳು. ಪಾರ್ಥೇನಿಯಮ್ ಒಗ್ಗದವರಲ್ಲಿ ಕೆಲವರಿಗೆ ಸೇವಂತಿಗೆಯೂ ಒಗ್ಗದು. ದೇಶದ ಆಸ್ಪತ್ರೆಗಳಿಂದ ಹೊರಟ ವರದಿಗಳಲ್ಲಿ ರೋಗಿಗಳ ಪೈಕಿ ಗಂಡಸರೇ ಹೆಚ್ಚು. ಆದರೆ ಕಸ ತೆಗೆಯುವವರಲ್ಲಿ ಹೆಂಗಸರೇ ಹೆಚ್ಚು. ದೇಹಗುಣದ ಭೇದ ಸ್ವಲ್ಪ ಇರಬಹುದು. ಆದರೂ ಆಸ್ಪತ್ರೆಯ ಪುಸ್ತಕವು ಆಸ್ಪತ್ರೆಯವರೆಗೆ ಬಂದವರನ್ನು ಮಾತ್ರ ಎಣಿಸುತ್ತದೆ ಎಂಬುದನ್ನು ಮರೆತು ಆ ಅಂಕಿಗಳನ್ನು ಓದಲಾಗದು. ಕೂಲಿಯ ಹೆಣ್ಣುಮಗಳು ತೆಂಗಿನೆಣ್ಣೆ ಹಚ್ಚಿಕೊಂಡು, ಸೆರಗನ್ನು ಮುಖಕ್ಕೆ ಸುತ್ತಿ, ಮರುದಿನವೂ ಹೊಲಕ್ಕೆ ಹೋದರೆ ಅವಳ ರೋಗಕ್ಕೆ ಯಾವ ಅಂಕಿಯೂ ಇಲ್ಲ.

ರಾಜ್ಯ ಸರ್ಕಾರವು 1968ರ ಕೃಷಿ ಕೀಟ ಮತ್ತು ರೋಗಗಳ ಕಾಯಿದೆಯ ಮೇರೆಗೆ 1975ರಲ್ಲಿ ಪಾರ್ಥೇನಿಯಮನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಿತು. ಮೆಕ್ಸಿಕೋದಿಂದ ತರಿಸಿದ, ಈ ಗಿಡದ ಎಲೆಯನ್ನೇ ತಿನ್ನುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಇವು ಬೆಳೆಯನ್ನೂ ನೆಲವನ್ನೂ ಕಾಪಾಡುವ ದೃಷ್ಟಿಯಿಂದ ಆದ ಕೆಲಸಗಳು. ಅವುಗಳ ಪ್ರಯೋಜನವನ್ನು ಅಲ್ಲಗಳೆಯಲಾಗದು. ಆದರೆ ಗಿಡವನ್ನು ಬೇರುಸಹಿತ ಕೀಳಬೇಕೆಂದರೆ ಕೀಳುವ ಕೈ ಒಂದು ಬೇಕು. ಹೂ ಬಿಡುವ ಮೊದಲೇ, ಕೈಚೀಲ ಧರಿಸಿ, ತುಂಬುತೋಳಿನ ಅಂಗಿ ತೊಟ್ಟು ಕೀಳಬೇಕೆಂಬ ಸೂಚನೆ ಸರಿಯಾದುದೇ. ಮೊಣಕಾಲುದ್ದದ ತೊಗರಿಯ ಸಾಲಿನಲ್ಲಿ, ಮಳೆಗಾಲದ ಸೆಕೆಯಲ್ಲಿ, ದಿನವಿಡೀ ರಬ್ಬರಿನ ಕೈಚೀಲ ಧರಿಸಿ ಕುರ್ಪಿ ಹಿಡಿದು ನೋಡಿದವರಿಗೆ ಆ ಸೂಚನೆಯ ಕಷ್ಟವೂ ತಿಳಿಯುತ್ತದೆ. ರಬ್ಬರು ಕೂಡ ಕೆಲವರಿಗೆ ಒಗ್ಗದ ವಸ್ತುವೇ.

ಕಾರ್ಮಿಕ ಕಾನೂನಿನ ಕಡೆಗೆ ತಿರುಗಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ರಾಸಾಯನಿಕ ಮತ್ತು ಬಣ್ಣಗಳ ನೇರ ಸ್ಪರ್ಶದಿಂದ ಬರುವ ಚರ್ಮರೋಗವನ್ನೂ ಸೇರಿಸಲಾಯಿತು. ಉರಿಸುವ ವಸ್ತು, ಒಗ್ಗದ ವಸ್ತು ಎಂಬ ಭೇದವನ್ನೂ ಅಲ್ಲಿಯೇ ಹೇಳಲಾಯಿತು. ಆ ಕಾಯಿದೆಯಲ್ಲಿ ವರದಿ ಮಾಡುವ ಹೊಣೆ ಕಾರ್ಖಾನೆಯ ವ್ಯವಸ್ಥಾಪಕನದಾಗಿದ್ದಿತು. ತೊಗರಿಯ ಹೊಲಕ್ಕೆ ವ್ಯವಸ್ಥಾಪಕನಿಲ್ಲ. ಪಾರ್ಥೇನಿನ್ ರಾಸಾಯನಿಕವೇ ಸರಿ, ಆದರೆ ಡಬ್ಬಿಯಲ್ಲಿ ಬಂದುದಲ್ಲ. ಈ ವಿಷಯದಲ್ಲಿ ರಾಮಾಜ್ಜೀನಿ ನಮ್ಮ ಶಾಸನಕರ್ತರಿಗಿಂತ ಉದಾರನಾಗಿದ್ದನು. ಇಟಲಿಯ ಆ ವೈದ್ಯನು 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಗ್ರಂಥದಲ್ಲಿ ಅಗಸಗಿತ್ತಿಯರಿಗೂ ರೈತರಿಗೂ ಒಂದೊಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ.

ಯಾಡಾಸೊನ್ನನ ಪರೀಕ್ಷೆ ಇಂದಿಗೂ ರೋಗನಿರ್ಣಯದ ಆಧಾರವಾಗಿ ಉಳಿದಿದೆ. ಭಾರತದಲ್ಲಿ ಬಳಸುವ ವಸ್ತುಗಳ ಸರಣಿಯಲ್ಲಿ ಪಾರ್ಥೇನಿಯಮ್ ಸೇರಿದೆ. ಬೆನ್ನಿನ ಮೇಲೆ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಬೆನ್ನು ನೆನೆಯದಂತೆ, ಬೆವರದಂತೆ ಇರಬೇಕು. ಎರಡನೆಯ ದಿನ ಪಟ್ಟಿ ತೆಗೆದು ನೋಡುತ್ತಾರೆ; ಇನ್ನೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಎಂದರೆ ಚಿಟಗುಪ್ಪದ ಕೂಲಿಯವಳೊಬ್ಬಳು ತನ್ನ ರೋಗದ ಹೆಸರನ್ನು ತಿಳಿಯಬೇಕಾದರೆ ಚರ್ಮವೈದ್ಯರಿರುವ ಊರಿಗೆ ಮೂರು ಸಲ ಹೋಗಿಬರಬೇಕು. ನಾಲ್ಕೈದು ದಿನ ಹೊಲಕ್ಕೆ ಇಳಿಯಬಾರದು. ಅದೂ ಕಸ ತೆಗೆಯುವ ಕಾಲದಲ್ಲಿಯೇ, ಏಕೆಂದರೆ ರೋಗ ಉಲ್ಬಣಿಸುವುದೂ ಕೂಲಿ ಸಿಗುವುದೂ ಆ ಕಾಲದಲ್ಲಿ.