ದಾರಿ ಹುಡುಕುವ ಪಟ್ಟಿಯ ಕತೆ

ಮುಂಬೈಗೆ ಬರೆದ ಕಾಗದದ ಮೇಲೆ ‘400’ ಎಂಬ ಮೂರು ಅಂಕಿಗಳನ್ನು ಕಂಡರೆ ದೂರದೂರಿನ ಅಂಚೆ ಕಚೇರಿಗೆ ಸಾಕು. ಉಳಿದ ಮೂರನ್ನು ಮುಂಬೈ ನೋಡಿಕೊಳ್ಳುತ್ತದೆ. ಅಂತರ್ಜಾಲದ ರೂಟರುಗಳ ನಡೆಯೂ ಹೀಗೆಯೇ. ವಿಳಾಸದ 32 ಬಿಟ್‌ಗಳಲ್ಲಿ ಮೊದಲಿನ ಕೆಲವನ್ನು ಓದಿ ಅವು ದಾರಿಯನ್ನು ನಿರ್ಧರಿಸುತ್ತವೆ. ಆದರೆ 1993ರಲ್ಲಿ ಸಿಐಡಿಆರ್ ಪದ್ಧತಿ ಬಂದ ಮೇಲೆ ಆ ‘ಕೆಲವು’ ಎಷ್ಟೆಂಬುದು ವಿಳಾಸವನ್ನು ನೋಡಿದೊಡನೆ ತಿಳಿಯದಾಯಿತು. ಪಟ್ಟಿಯ ಹಲವು ಸಾಲುಗಳು ಹೊಂದಿಕೊಂಡರೆ ಅತಿ ಉದ್ದನೆಯದನ್ನೇ ಆರಿಸಬೇಕು. ಅದೂ ಬಂದ ಪ್ರತಿಯೊಂದು ಪ್ಯಾಕೆಟ್ಟಿಗೆ.

ಬರ್ಕ್ಲಿ ಯುನಿಕ್ಸ್‌ಗಾಗಿ ಕೀತ್ ಸ್ಕ್ಲೋವರ್ ರಚಿಸಿದ ರೇಡಿಕ್ಸ್ ಮರ, 1968ರಲ್ಲಿ ಡೊನಾಲ್ಡ್ ಮಾರಿಸನ್ ಪ್ರಕಟಿಸಿದ ‘ಪೆಟ್ರೀಷಿಯಾ’ ಮರದ ಸಂತತಿ. ಅದರ ಕೊಂಬೆಯಿಂದ ಕೊಂಬೆಗೆ ಇಳಿಯುವಾಗಲೆಲ್ಲ ಮೆಮೊರಿಯ ಬಾಗಿಲು ತಟ್ಟಬೇಕು. ಪ್ರೊಸೆಸರಿನ ವೇಗ ಬೆಳೆದಷ್ಟು ಮೆಮೊರಿಯ ವೇಗ ಬೆಳೆಯಲಿಲ್ಲ. ಗಿಗಾಬಿಟ್ ವೇಗಕ್ಕೆ ವಿಶೇಷ ಯಂತ್ರಾಂಶವೇ ಬೇಕು, ತಂತ್ರಾಂಶಕ್ಕೆ ಅದು ನಿಲುಕದು ಎಂಬ ನಂಬಿಕೆ ಬಲಿಯಿತು. ಹಾಗಾದರೆ ಸಾಮಾನ್ಯ ಗಣಕವೊಂದನ್ನು ರೂಟರಾಗಿಸುವ ಆಸೆಯನ್ನು ಕೈಬಿಡಬೇಕಾಗಿತ್ತು.

1997ರಲ್ಲಿ ಸ್ವೀಡನ್ನಿನ ಲೂಲಿಯೋ ವಿಶ್ವವಿದ್ಯಾಲಯದ ಮಿಕೆಲ್ ಡೆಗರ್‌ಮಾರ್ಕ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಅಲುಗಿಸಿದರು. ಮರವನ್ನು 16, 24, 32ನೆಯ ಬಿಟ್‌ಗಳಲ್ಲಿ ಮೂರು ಅಂತಸ್ತುಗಳಾಗಿ ಕತ್ತರಿಸಿ, ಅದನ್ನು ಬಿಟ್‌ಗಳ ಸಾಲಾಗಿ ಅದುಮಿದರು. 40,000 ಸಾಲುಗಳ ಪಟ್ಟಿ 150ರಿಂದ 160 ಕಿಲೋಬೈಟಿಗೆ ಇಳಿದು ಪ್ರೊಸೆಸರಿನ ಕ್ಯಾಶ್‌ನೊಳಗೆ ಕುಳಿತಿತು. 200 ಮೆಗಾಹರ್ಟ್ಸ್‌ನ ಪೆಂಟಿಯಂ ಪ್ರೊ ಸೆಕೆಂಡಿಗೆ ಹತ್ತಾರು ಲಕ್ಷ ಹುಡುಕಾಟಗಳನ್ನು ನಡೆಸಬಲ್ಲದಾಯಿತು.

ಮರುವರ್ಷವೇ ಸ್ಟ್ಯಾನ್‌ಫರ್ಡಿನ ಪಂಕಜ್ ಗುಪ್ತಾ, ಸ್ಟೀವನ್ ಲಿನ್, ನಿಕ್ ಮೆಕ್ಯೋನ್ ತದ್ವಿರುದ್ಧ ದಾರಿ ಹಿಡಿದರು. ಮೊದಲ 24 ಬಿಟ್‌ಗಳ ಎಲ್ಲ ಸಾಧ್ಯತೆಗಳಿಗೂ ಒಂದೊಂದು ಮನೆ ಕೊಟ್ಟು, ಮೆಮೊರಿಯನ್ನು ಧಾರಾಳವಾಗಿ ಚೆಲ್ಲಿ, ಬಹುಪಾಲು ಹುಡುಕಾಟಗಳನ್ನು ಒಂದೇ ಓದಿನಲ್ಲಿ ಮುಗಿಸಿದರು. ಯಂತ್ರಾಂಶಕ್ಕೆಂದು ಹುಟ್ಟಿದ ಈ ಉಪಾಯವನ್ನೇ ಇಂದು ಡಿಪಿಡಿಕೆ ತಂತ್ರಾಂಶ ಬಳಸುತ್ತಿದೆ.

ಲಿನಕ್ಸ್ ಕಲಿತ ಪಾಠ ಬೇರೊಂದು. ಈಚೆಗೆ ಕೊಟ್ಟ ಉತ್ತರಗಳನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಪ್ರತಿ ಸಲವೂ ಹೊಸ ವಿಳಾಸವನ್ನು ಕಳಿಸುವ ದಾಳಿಕೋರನ ಮುಂದೆ ಆ ನೆನಪೇ ಹೊರೆಯಾಯಿತು. 2012ರಲ್ಲಿ, 3.6ನೆಯ ಆವೃತ್ತಿಯಲ್ಲಿ, ಐಪಿವಿ4ರ ಆ ಸಂಗ್ರಹವನ್ನು ತೆಗೆದುಹಾಕಿ, ಪ್ರತಿ ಪ್ಯಾಕೆಟ್ಟಿಗೂ ಮರವನ್ನೇ ಕೇಳುವ ಕ್ರಮ ಬಂತು.

ನಾವು ವೇಗವೆಂದರೆ ಹೆಚ್ಚು ಬಲದ ಯಂತ್ರವೆಂದೇ ಭಾವಿಸುತ್ತೇವೆ. ಇಲ್ಲಿ ಗೆದ್ದದ್ದು ಯಾವುದನ್ನು ಹತ್ತಿರ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ.